ಲಿಲ್ಲಿ ಬುಡಕ್ಕೆ ಹರಳು ಔಷಧ ಬೇಡ

ಪ್ರಶ್ನೆ: ಅಕ್ಕಾ, ನಮ್ಮ ಮನೆ ಕಟಪಾಡಿ ಹತ್ತಿರ. ಪಾಗಾರದ ಉದ್ದಕ್ಕೂ ಸ್ಪೈಡರ್ ಲಿಲ್ಲಿ ನೆಟ್ಟಿದ್ದೇವೆ. ಮಳೆ ಹಿಡಿದ ಮೇಲೆ ಕಪ್ಪು ಮೈಯಲ್ಲಿ ಬಿಳಿ, ಕೆಂಪು ಚುಕ್ಕೆ ಇರುವ ಹುಳ ಬಂದು ಎಲೆಯನ್ನೆಲ್ಲ ಬುಡದವರೆಗೆ ತಿಂದು ಹಾಕುತ್ತಿದೆ. ಗೇಟಿನ ಬಳಿ ಇರುವ ನಂದಿಬಟ್ಟಲಿನ ಚಿಗುರೂ ಬೆಳಗಾಗುವುದರೊಳಗೆ ಖಾಲಿ. ಅಲ್ಲಿ ಹುಳವೇ ಕಾಣುವುದಿಲ್ಲ. ಪಕ್ಕದ ಮನೆಯವರು ತೋಟಕ್ಕೆ ತಂದು ಉಳಿದಿದ್ದ ಫೋರೇಟ್ ಎಂಬ ಹಳೇ ಕೀಟನಾಶಕದ ಹರಳು ಕೊಟ್ಟು, ಬುಡಕ್ಕೆ ಒಂದೊಂದು ಚಮಚ ಹಾಕಿ ಅಂದಿದ್ದಾರೆ. ಹಾಕಬಹುದಾ? ಬಾವಿ ಹತ್ತಿರವೇ ಇದೆ. ನಂದಿಬಟ್ಟಲಿನ ಹೂ ದಿನಾ ದೇವರಿಗೆ ಬೇಕು.
– ಓದುಗರು, ಕಟಪಾಡಿ

ಉತ್ತರ: ಬೇಡ. ಆ ಪೊಟ್ಟಣ ಬಿಚ್ಚಲೇಬೇಡಿ. ಫೋರೇಟ್ ಬಳಕೆಯನ್ನು ನಮ್ಮ ದೇಶದಲ್ಲಿ 2020ರ ಕೊನೆಗೇ ನಿಷೇಧಿಸಿದ್ದಾರೆ. ಬೇರಿನ ಮೂಲಕ ಗಿಡದ ಮೈಯೆಲ್ಲ ಏರುವ ಕಡು ವಿಷ ಅದು. ನಮ್ಮದು ಮುರಕಲ್ಲಿನ ನೆಲ, ಮಳೆನೀರು ಅದರ ತೂತುಗಳಲ್ಲಿ ಸಲೀಸಾಗಿ ಇಳಿಯುತ್ತದೆ. ಆಟಿ ತಿಂಗಳ ಜೋರು ಮಳೆಯಲ್ಲಿ ಬಾವಿ ನೀರು ಎಷ್ಟು ಮೇಲೆ ಬಂದಿರುತ್ತದೆ ಅಂತ ನಿಮಗೇ ಗೊತ್ತಲ್ವಾ? ಬುಡಕ್ಕೆ ಹಾಕಿದ್ದು ನಾಳೆ ಕೊಡಪಾನಕ್ಕೇ ಬಂದೀತು. ಪೊಟ್ಟಣವನ್ನು ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ಏನು ಮಾಡುವುದೆಂದು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ತೋಡಿಗೆ ಮಾತ್ರ ಎಸೆಯಬೇಡಿ.

ಈಗ ಹುಳದ ವಿಷಯ. ನಿಮ್ಮಲ್ಲಿ ಬಂದಿರುವುದು ಒಂದೇ ಹುಳ ಅಲ್ಲ, ಎರಡು ಬೇರೆ ಬೇರೆ ಜಾತಿ. ಉಪಾಯವೂ ಬೇರೆ.

ಲಿಲ್ಲಿಗೆ ಬಂದಿರುವುದು ಲಿಲ್ಲಿ ಪತಂಗದ ಮರಿ. ಪತಂಗ ಎಲೆಯ ಅಡಿಭಾಗದಲ್ಲಿ ಗುಂಪುಗುಂಪಾಗಿ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಬಂದ ಮರಿಗಳು ಮೊದಲು ಒಟ್ಟಿಗೇ ಇದ್ದು, ಎಲೆಯ ಹಸಿರನ್ನು ಕೆರೆದು ತಿನ್ನುತ್ತವೆ. ಆಗ ಎಲೆಯಲ್ಲಿ ತೆಳ್ಳಗಿನ, ಆಚೆ ಬೆಳಕು ಕಾಣುವಂಥ ಬಿಳಿ ಕಲೆ ಮೂಡುತ್ತದೆ. ಕೆಲಸ ಮಾಡಬೇಕಾದ ಹೊತ್ತು ಅದೇ. ಎಲೆಯನ್ನು ಮಗುಚಿ ನೋಡಿದರೆ ಇಡೀ ಸಂಸಾರ ಒಂದೇ ಕಡೆ ಸಿಗುತ್ತದೆ. ಆ ತುಂಡನ್ನು ಕತ್ತರಿಸಿ ಸೋಪಿನ ನೀರಿನ ಬಾಲ್ದಿಗೆ ಹಾಕಿದರೆ ಮುಗಿಯಿತು. ನಮ್ಮ ಕಣ್ಣಿಗೆ ಬೀಳುವ ದಪ್ಪ ಹುಳಗಳು ಸಾಲು ತುಂಬ ಚೆದುರಿ ಹೋದಂಥವು. ಅವನ್ನು ಒಂದೊಂದಾಗಿ ಹೆಕ್ಕಬೇಕು. ಲಿಲ್ಲಿಯ ರಸ ಕೆಲವರಿಗೆ ತುರಿಕೆ ತರುತ್ತದೆ, ಕೈಗವಸು ಹಾಕಿಕೊಳ್ಳಿ.

ಪೂರ್ತಿ ತಿಂದು ಹಾಳಾದ ಎಲೆಗಳನ್ನು ಬುಡದಿಂದ ಸ್ವಲ್ಪ ಮೇಲೆ ಕತ್ತರಿಸಿಬಿಡಿ. ಹೆದರಬೇಡಿ, ಗಡ್ಡೆ ಗಟ್ಟಿಯಾಗಿದ್ದರೆ ಹೊಸ ಎಲೆ ಬಂದೇ ಬರುತ್ತದೆ. ಆದರೆ ಹುಳ ಎಲೆಯ ಬುಡ ಕೊರೆದು ಗಡ್ಡೆಯೊಳಗೆ ಇಳಿದಿದೆಯಾ ಅಂತ ಬೆರಳಿನಿಂದ ಒತ್ತಿ ನೋಡಿ. ಮೆತ್ತಗಾಗಿ ಕೊಳೆತ ಗಡ್ಡೆಯನ್ನು ಕಿತ್ತು ತೆಗೆಯುವುದೇ ಒಳ್ಳೆಯದು. ಬೆಳೆದ ಹುಳ ಅಲ್ಲೇ ಬುಡದ ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಹಾಗಾಗಿ ಮೇಲ್ಮಣ್ಣನ್ನು ಸಣ್ಣ ಗುದ್ದಲಿಯಲ್ಲಿ ಸಡಿಲ ಮಾಡಿ, ಸಿಕ್ಕಿದ ಕೋಶಗಳನ್ನು ತೆಗೆದುಹಾಕಿ. ಜಾಸ್ತಿ ಜನ ಇದನ್ನು ಮಾಡುವುದಿಲ್ಲ. ಅದಕ್ಕೇ ಕೆಲವು ವಾರ ಬಿಟ್ಟು ಹುಳ ಮತ್ತೆ ಹಾಜರಾಗುತ್ತದೆ.

ಸಾಲು ಉದ್ದ ಇದೆ, ಹೆಕ್ಕಿ ಪೂರೈಸುವುದಿಲ್ಲ ಅನ್ನುವುದಾದರೆ ಬೇವಿನ ಎಣ್ಣೆ ಹೊಡೆಯಿರಿ. ಲೀಟರ್ ನೀರಿಗೆ 5 ಮಿಲಿ ಎಣ್ಣೆ, ಜೊತೆಗೆ ಸ್ವಲ್ಪ ಸೋಪಿನ ದ್ರಾವಣ. ಲಿಲ್ಲಿ ಎಲೆ ನುಣುಪು, ಸೋಪು ಇಲ್ಲದಿದ್ದರೆ ನೀರು ಜಾರಿ ಹೋಗುತ್ತದೆ. ಎಲೆಯ ಅಡಿಗೂ ತಾಗಬೇಕು. ಬೇವು ಹುಳವನ್ನು ಕೂಡಲೇ ಸಾಯಿಸುವುದಿಲ್ಲ. ಅದು ತಿನ್ನುವುದನ್ನು ಕಡಿಮೆ ಮಾಡಿಸುತ್ತದೆ, ಪೊರೆ ಬಿಡದಂತೆ ತಡೆಯುತ್ತದೆ. ಹಾಗಾಗಿ ಎರಡು ದಿನ ತಾಳ್ಮೆ ಬೇಕು. ಇನ್ನೊಂದು ದಾರಿ ಬಿಟಿ ಪುಡಿ. ಅದರಲ್ಲಿರುವುದು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ. ಎಲೆಯ ಜೊತೆ ಹೊಟ್ಟೆಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ, ಎಳೆ ಹುಳಗಳ ಮೇಲೆ ಚೆನ್ನಾಗಿ ನಾಟುತ್ತದೆ. ಅಳತೆ ಪ್ಯಾಕೆಟ್ ಮೇಲೆ ಇರುವಷ್ಟೇ ಇರಲಿ. ಎರಡೂ ಬಿಸಿಲಿಗೆ ಬೇಗ ಹಾಳಾಗುತ್ತವೆ, ಮಳೆಗೆ ತೊಳೆದು ಹೋಗುತ್ತವೆ. ಮಳೆ ಹೊಳವಾದ ಸಂಜೆ ನೋಡಿಕೊಂಡು ಹೊಡೆಯಿರಿ. ಸುರಿಯುವ ಮಳೆಯಲ್ಲಿ ಹೊಡೆದರೆ ಸುಮ್ನೆ ದುಡ್ಡು ದಂಡ.

ನಂದಿಬಟ್ಟಲಿಗೆ ಯಾವ ಸ್ಪ್ರೇಯೂ ಬೇಡ ಎಂಬುದು ನನ್ನ ಅಭಿಪ್ರಾಯ. ದಿನಾ ಹೂ ಕೊಯ್ಯುವ ಗಿಡ ಅದು. ಅಲ್ಲಿ ಹುಳ ಕಾಣದಿದ್ದರೆ ನೆಲ ನೋಡಿ. ದಪ್ಪ ದಪ್ಪ ಹಿಕ್ಕೆ ಬಿದ್ದಿರುತ್ತದೆ. ಅದರ ನೇರ ಮೇಲಿನ ಕೊಂಬೆಯಲ್ಲಿ ಎಲೆಯ ಅಡಿಗೆ ಅಂಟಿಕೊಂಡು ಹುಳ ಕೂತಿರುತ್ತದೆ. ಬೆರಳುದ್ದ, ಅಚ್ಚ ಹಸಿರು, ಬಾಲದಲ್ಲಿ ಒಂದು ಕೊಂಬು. ಮುಟ್ಟಿದರೆ ತಲೆ ಒಳಗೆಳೆದುಕೊಂಡು, ಕುತ್ತಿಗೆಯ ಹತ್ತಿರ ಇರುವ ಎರಡು ನೀಲಿ ಕಣ್ಣಿನಂಥ ಗುರುತು ತೋರಿಸಿ ಹೆದರಿಸುತ್ತದೆ. ಕಚ್ಚುವುದಿಲ್ಲ, ಚುಚ್ಚುವುದಿಲ್ಲ, ತುರಿಸುವುದೂ ಇಲ್ಲ. ಕಣಗಿಲೆಗೂ ಬರುವುದು ಇದೇ. ಬೆಳಿಗ್ಗೆ ಹೂ ಕೊಯ್ಯುವಾಗಲೇ ಹೆಕ್ಕಿಬಿಡಿ. ಒಂದು ಗಿಡದಲ್ಲಿ ನಾಲ್ಕೈದು ಇದ್ದರೂ ಅಷ್ಟು ಚಿಗುರನ್ನು ಖಾಲಿ ಮಾಡುತ್ತವೆ. ದೊಡ್ಡ ಗಿಡ ಮತ್ತೆ ಚಿಗುರುತ್ತದೆ, ಚಿಂತೆ ಬೇಡ.

ಪ್ರಶ್ನೆ: ನಮ್ಮ ದಾಸವಾಳದಲ್ಲಿ ಒಂದು ಹುಳದ ಮೈ ತುಂಬ ಅಕ್ಕಿಕಾಳಿನಂಥ ಬಿಳಿ ಗೂಡುಗಳು ಅಂಟಿಕೊಂಡಿವೆ. ಇದು ಹುಳದ ಮೊಟ್ಟೆಯಾ? ಕೊಲ್ಲಬೇಕಾ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಮುಟ್ಟಬೇಡಿ, ಅಲ್ಲೇ ಬಿಡಿ. ಅವು ಹುಳದ ಮೊಟ್ಟೆ ಅಲ್ಲ, ಸಣ್ಣ ಕಣಜವೊಂದರ ಗೂಡುಗಳು. ಕಣಜ ಹುಳದ ಮೈಯೊಳಗೆ ಮೊಟ್ಟೆ ಇಟ್ಟಿರುತ್ತದೆ. ಮರಿಗಳು ಒಳಗೇ ತಿಂದು ಬೆಳೆದು, ಹೊರಗೆ ಬಂದು ಗೂಡು ಕಟ್ಟುತ್ತವೆ. ಆ ಹುಳ ಇನ್ನು ಬದುಕುವುದಿಲ್ಲ. ಗೂಡಿನಿಂದ ಹೊರಬರುವ ಕಣಜಗಳು ನಿಮ್ಮ ತೋಟದ ಉಳಿದ ಹುಳಗಳನ್ನು ಹುಡುಕಿಕೊಂಡು ಹೋಗುತ್ತವೆ. ಈ ವಾರ ಆ ಗಿಡಕ್ಕೆ ಬೇವಿನ ಎಣ್ಣೆಯನ್ನೂ ಹೊಡೆಯಬೇಡಿ. ಗೂಡು ಇಲ್ಲದ ಹುಳಗಳನ್ನಷ್ಟೇ ಹೆಕ್ಕಿ. ಯಾವ ಹುಳ ಅಂತ ಗುರುತು ಸಿಗದಿದ್ದರೆ ಒಂದನ್ನು ಎಲೆ ಸಮೇತ ಡಬ್ಬಿಯಲ್ಲಿ ಹಾಕಿಕೊಂಡು ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ. ಉಡುಪಿ ಕಡೆಯವರಿಗೆ ಬ್ರಹ್ಮಾವರದಲ್ಲಿದೆ.