ಐತಪ್ಪ ಹಾಗೆ ಮಾತಾಡುವುದಿಲ್ಲ

ಪ್ರಿಯ ಮಿತ್ರರೇ,

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಎರಡು ರಾತ್ರಿ ಕೂತು ಓದಿ ಮುಗಿಸಿದೆ. ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಸುರಂಗ ತೋಡುವವನ ಕಥೆ ಎತ್ತಿಕೊಂಡಿದ್ದೀರಿ, ಸಂತೋಷ. ಕಾಗುಣಿತದ ತಪ್ಪೂ ಇಲ್ಲ. ಇನ್ನು ನನಗೆ ಸಿಟ್ಟು ಬಂದ ಜಾಗಕ್ಕೆ ಬರುತ್ತೇನೆ.

ಮೂರನೇ ಅಧ್ಯಾಯ. ದಿನಗಟ್ಟಲೆ ಗುಡ್ಡ ಅಗೆದ ಐತಪ್ಪ ಕೊನೆಗೂ ನೀರು ಕಂಡು ಹೊರಗೆ ಬಂದು ಹೇಳುತ್ತಾನೆ: “ಒಡೆಯರೇ, ಭೂಗರ್ಭದಲ್ಲಿ ಜಲಧಾರೆ ಗೋಚರಿಸಿದೆ. ನನ್ನ ಪರಿಶ್ರಮ ಸಾರ್ಥಕವಾಯಿತು.”

ಕಾಸರಗೋಡಿನ ಪೆರ್ಲ, ಬಾಯಾರು ಕಡೆ ಯಾರ ಬಾಯಲ್ಲಿ ಈ ಮಾತು ಕೇಳಿದ್ದೀರಿ? ಅವನ ಮನೆಮಾತು ತುಳು ಎಂದು ನೀವೇ ಬರೆದಿದ್ದೀರಲ್ಲ. “ನೀರ್ ತಿಕ್ಂಡ್”, ನೀರು ಸಿಕ್ಕಿತು, ಅಂದರೆ ಸಾಕು. ಮೈತುಂಬ ಕೆಸರು ಮೆತ್ತಿಕೊಂಡು ನಿಂತವನು ಅಷ್ಟು ಹೇಳಿದರೆ ಧಾರವಾಡದ ಓದುಗನಿಗೂ ತಿಳಿಯುತ್ತದೆ.

ಮುಂದಿನ ಸಾಲು: “ಅವನ ಕಣ್ಣುಗಳಲ್ಲಿ ತಲೆಮಾರುಗಳ ನೋವು ಮಡುಗಟ್ಟಿತ್ತು.” ಇದನ್ನು ಹೊಡೆದುಹಾಕಿದ್ದೇನೆ. ಆ ಹೊತ್ತಿಗೆ ಅವನ ಕಣ್ಣಲ್ಲಿ ಇರುವುದು ಮಣ್ಣು. ಬಗ್ಗಿ, ಕುಕ್ಕರಗಾಲಲ್ಲಿ ಕೂತು ಪಿಕ್ಕಾಸು ಬೀಸಿದವನ ಮೊಣಕಾಲು ಏನಾಗಿರುತ್ತದೆ? ಒಳಗೆ ಹಚ್ಚಿಟ್ಟ ಮೇಣದಬತ್ತಿ ಮಂಕಾಯಿತೆಂದರೆ ಗಾಳಿ ಸಾಲುತ್ತಿಲ್ಲ ಎಂದು ಅರ್ಥ. ಸುರಂಗದ ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ, ಒಂದು ಕೋಲೆಂದರೆ ಸುಮಾರು 2.5 ಅಡಿ. ಇದ್ಯಾವುದೂ ನಿಮ್ಮ ಪುಟಗಳಲ್ಲಿ ಇಲ್ಲ. ‘ನೋವು’ ಮಾತ್ರ ಒಂದೇ ಅಧ್ಯಾಯದಲ್ಲಿ ಹದಿನಾಲ್ಕು ಸಲ ಬಂದಿದೆ, ಎಣಿಸಿದ್ದೇನೆ.

ವಿಲೇಜ್ ಆಫೀಸಿನ ದೃಶ್ಯದಲ್ಲೂ ಅದೇ ಕಥೆ. ಮಲಯಾಳದ ಫಾರಂ ಹಿಡಿದು ನಿಂತ ಅಜ್ಜಿಗೆ ಗುಮಾಸ್ತ “ದಯವಿಟ್ಟು ನಾಳೆ ಆಗಮಿಸಿ” ಅನ್ನುತ್ತಾನೆ. ಮಲಯಾಳದಲ್ಲಿ “ನಾಳೆ ವಾ”, ನಾಳೆ ಬಾ, ಅನ್ನಲಿ. ನಾಳೆ ಎಂಬ ಮಾತು ಕನ್ನಡಕ್ಕೂ ಮಲಯಾಳಕ್ಕೂ ಒಂದೇ. ಆ ಆಫೀಸಿನಲ್ಲಿ ಅಜ್ಜಿಗೆ ಅರ್ಥವಾದದ್ದು ಅದೊಂದೇ. ಇಷ್ಟು ಬರೆದರೆ, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದರ ಬಗ್ಗೆ ನೀವು ಹಾಕಿದ ಆರು ಪುಟದ ಭಾಷಣ ತಾನಾಗಿ ಉದುರಿಹೋಗುತ್ತದೆ.

ನಾನೂ ಹೀಗೇ ಬರೆಯುತ್ತಿದ್ದೆ. ಇಪ್ಪತ್ತರ ವಯಸ್ಸಿನಲ್ಲಿ ಒಂದು ಪುಟ್ಟ ಪ್ರೆಸ್ಸಿಗೆ ನನ್ನ ಮೊದಲ ಕಥೆ ಒಯ್ದಾಗ ಅಲ್ಲಿಯ ಹಿರಿಯರು ಓದಲಿಲ್ಲ, ಬೈಯಲೂ ಇಲ್ಲ. ಅಚ್ಚಿನ ಮೊಳೆ ಜೋಡಿಸುವ ಕಂಪೋಸಿಂಗ್ ಸ್ಟಿಕ್ ಕೈಗೆ ಕೊಟ್ಟು, “ನಿಮ್ಮದನ್ನು ನೀವೇ ಜೋಡಿಸಿ” ಅಂದರು. ‘ಹೃದಯಾಂತರಾಳ’ ಎಂಬ ಪದಕ್ಕೆ ಸೀಸದ ಮೊಳೆಗಳನ್ನು ಒಂದೊಂದಾಗಿ ಹುಡುಕಿ, ತಲೆಕೆಳಗಾಗಿ ಕೂರಿಸುವಷ್ಟರಲ್ಲಿ ಬೆರಳು ಕಪ್ಪಾಗಿತ್ತು. ಮಧ್ಯಾಹ್ನದ ಊಟಕ್ಕೆ ಮೊದಲೇ ಕಥೆಯಲ್ಲಿದ್ದ ವಿಶೇಷಣಗಳಲ್ಲಿ ಅರ್ಧಕ್ಕರ್ಧ ಕಿತ್ತುಹಾಕಿದ್ದೆ. ಅವರು ಬಾಗಿಲಲ್ಲಿ ವೀಳ್ಯ ಮೆಲ್ಲುತ್ತ ನಿಂತು ನೋಡುತ್ತಿದ್ದರು.

ದುಡ್ಡು ಕೊಟ್ಟರೆ ಒಬ್ಬರು ಅಚ್ಚು ಹಾಕಿಸುತ್ತಾರಂತೆ, ಕೊಡಲೇ ಎಂದು ಕೇಳಿದ್ದೀರಿ. ಈಗ ಬೇಡ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆಂದು ಅವರು ಬೇರೆ ಹಣ ಕೇಳಿದ್ದಾರಲ್ಲ, ನಮ್ಮ ದೇಶದಲ್ಲಿ ಆ ಸಂಖ್ಯೆ ಕೊಡುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದಕ್ಕೆ ಶುಲ್ಕ ತೆಗೆದುಕೊಳ್ಳುವುದಿಲ್ಲ. ಮೊದಲು ಆಫೀಸಿನ ದೃಶ್ಯವನ್ನು ಸಣ್ಣಕಥೆ ಮಾಡಿ ಯಾವುದಾದರೂ ಪತ್ರಿಕೆಗೆ ಕಳಿಸಿ.

ಮಳೆಗಾಲ ಕಳೆದ ಮೇಲೆ, ಸುರಂಗದ ಕೆಲಸ ಬಲ್ಲ ಹಿರಿಯರೊಬ್ಬರನ್ನು ಹುಡುಕಿ ಅವರ ಅಂಗಳದಲ್ಲಿ ಒಂದು ದಿನ ಕೂತು ಬನ್ನಿ. ಆಮೇಲೆ ಮೂರನೇ ಅಧ್ಯಾಯ ಒಂದನ್ನೇ ಬರೆದು ಕಳಿಸಿ. ಉಳಿದ ಅಧ್ಯಾಯಗಳು ಅಲ್ಲಿಯವರೆಗೆ ನನ್ನ ಮೇಜಿನ ಮೇಲೇ ಇರುತ್ತವೆ.