ಬೀಗದ ಕೈ ಯಾರ ಬಳಿ ಇದೆ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಹಳ್ಳಿಯವಳು, ವಯಸ್ಸು 57. ಗಂಡ ತೀರಿಹೋಗಿ ಆರು ವರ್ಷವಾಯಿತು. ಒಬ್ಬಳೇ ಮಗಳು, ಅವಳಿಗೆ 23. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ಕಡಿಮೆ, ಆಗಾಗ ಫಿಟ್ಸ್ ಬರುತ್ತದೆ, ಅದಕ್ಕೆ ಮಾತ್ರೆ ಕೊಡುತ್ತಿದ್ದೇನೆ. ಮಾತು ಸ್ವಲ್ಪ, ಅದೂ ನಮ್ಮ ಮನೆಯ ಕನ್ನಡ ಮಾತ್ರ. ಕಳೆದ ವರ್ಷ ಜಾತ್ರೆಯ ಗದ್ದಲದಲ್ಲಿ ಯಾರೋ ಅವಳ ಬೆಂಡೋಲೆ ತೆಗೆದರು. ಯಾರೆಂದು ಹೇಳಲು ಅವಳಿಗೆ ಆಗಲಿಲ್ಲ. ಅಂದಿನಿಂದ ಹಾಲಿನ ಸೊಸೈಟಿಗೆ ಹೋಗುವಾಗಲೂ ಹೊರಗಿನಿಂದ ಬೀಗ ಹಾಕಿಯೇ ಹೋಗುತ್ತೇನೆ. ಕಳೆದ ತಿಂಗಳು ಮಳೆಗೆ ಅಂಗಳದಲ್ಲಿ ಜಾರಿ ಬಿದ್ದು ಅರ್ಧ ಗಂಟೆ ಏಳಲಾಗಲಿಲ್ಲ. ಮಗಳು ಒಳಗಿನಿಂದ ಕೂಗುತ್ತಿದ್ದಳು, ಬೀಗದ ಕೈ ನನ್ನ ಸೊಂಟದಲ್ಲಿತ್ತು. ಇಂತಹ ಮಕ್ಕಳನ್ನು ಹಗಲು ಹೊತ್ತು ನೋಡಿಕೊಂಡು ಕಲಿಸುವ ಪಂಚಾಯತಿನ ಬಡ್ಸ್ ಕೇಂದ್ರಕ್ಕೆ ಕಳುಹಿಸಿ ಎಂದು ಆಶಾ ಕಾರ್ಯಕರ್ತೆ ಹೇಳುತ್ತಾರೆ. ವ್ಯಾನಿನ ಸದ್ದು ಕೇಳಿದರೆ ಮಗಳು ಚಪ್ಪಲಿ ಹಾಕಿಕೊಂಡು ಜಗಲಿಯಲ್ಲಿ ನಿಲ್ಲುತ್ತಾಳೆ. ಆದರೆ ಅಲ್ಲಿ ಮಾತೆಲ್ಲ ಮಲಯಾಳ. "ಪಾಪದ ಹುಡುಗಿ, ಹೊರಗೆ ಬಿಟ್ಟು ಏನಾದರೂ ಆದರೆ ಯಾರು ಹೊಣೆ?" ಎನ್ನುವುದು ಮೈದುನನ ಮಾತು. ತೋಟವನ್ನು ಅವರ ಮಗನ ಹೆಸರಿಗೆ ಮಾಡಿದರೆ ನನ್ನ ನಂತರ ಅವನೇ ಇವಳನ್ನು ನೋಡಿಕೊಳ್ಳುತ್ತಾನಂತೆ. ನಾನು ಏನು ಮಾಡಲಿ?

ಉತ್ತರ: ಅಕ್ಕಾ, ನೀವು ಕೇಳಿದ್ದು ಮಗಳನ್ನು ಕಳುಹಿಸಬೇಕೋ ಬೇಡವೋ ಎಂದು. ಆದರೆ ನಾನು ಮತ್ತೆ ಮತ್ತೆ ಓದಿದ್ದು ನೀವು ಅಂಗಳದಲ್ಲಿ ಬಿದ್ದಿದ್ದ ಆ ಅರ್ಧ ಗಂಟೆಯ ಸಾಲನ್ನು. ಮಗಳಿಗೆ ಏನೂ ಆಗಬಾರದೆಂದು ನೀವು ಹಾಕಿದ ಬೀಗವೇ ಆ ಹೊತ್ತಿನಲ್ಲಿ ನಿಮ್ಮಿಬ್ಬರ ನಡುವೆ ನಿಂತಿತ್ತು. ಒಳಗೆ ಅವಳಿಗೆ ಫಿಟ್ಸ್ ಬಂದಿದ್ದರೆ, ಒಲೆಯ ಕಿಡಿ ಬಟ್ಟೆಗೆ ತಾಗಿದ್ದರೆ, ಇಲ್ಲವೇ ನಿಮಗೆ ಪ್ರಜ್ಞೆಯೇ ತಪ್ಪಿದ್ದರೆ, ಆ ಬಾಗಿಲನ್ನು ತೆರೆಯಬಲ್ಲ ಇನ್ನೊಂದು ಕೈ ಇಡೀ ಊರಿನಲ್ಲಿ ಇರಲಿಲ್ಲ. ಇದನ್ನು ತಪ್ಪೆಂದು ನಾನು ಎಣಿಸುವುದಿಲ್ಲ. ಜಾತ್ರೆಯಿಂದ ಮಗಳು ಬರಿಗಿವಿಯಲ್ಲಿ ಬಂದ ಮೇಲೆ ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು. ಆದರೆ ಹೊರಗಿನ ಅಪಾಯವನ್ನು ತಡೆಯುವ ಅವಸರದಲ್ಲಿ ಒಳಗೆ ಇನ್ನೊಂದು ಅಪಾಯ ಬೆಳೆಯಿತು ಎಂಬುದನ್ನು ಮೊದಲು ಹೇಳದೆ ನಾನು ಮುಂದಿನ ಮಾತಿಗೆ ಹೋಗಲಾರೆ.

"ಪಾಪದವಳು" ಎಂಬ ನಮ್ಮ ಕಡೆಯ ಮಾತಿನಲ್ಲಿ ಕನಿಕರವಿದೆ, ಅದರ ಜೊತೆಗೆ ಒಂದು ತೀರ್ಮಾನವೂ ಸೇರಿಕೊಂಡಿದೆ. ಹಾನಿಗೆ ಈಡಾಗುವ ಗುಣ ಆ ಮನುಷ್ಯರ ಒಳಗೇ ಇದೆ, ಹುಟ್ಟುಮಚ್ಚೆಯ ಹಾಗೆ ಅದನ್ನು ಅಳಿಸಲಾಗದು, ಆದ್ದರಿಂದ ಮುಚ್ಚಿಡುವುದೊಂದೇ ದಾರಿ ಎಂಬುದು ಆ ತೀರ್ಮಾನ. ನಾನು ಇದನ್ನು ಒಪ್ಪುವುದಿಲ್ಲ. ಬೆಂಡೋಲೆ ಹೋದ ದಿನವನ್ನೇ ನೆನಪಿಸಿಕೊಳ್ಳಿ. ಕಿವಿಯಲ್ಲಿ ಚಿನ್ನವಿತ್ತು, ಗದ್ದಲದಲ್ಲಿ ಅವಳ ಕೈ ಹಿಡಿದವರು ಯಾರೂ ಇರಲಿಲ್ಲ, ತೆಗೆದವರಿಗೆ "ಇವಳು ಹೇಳಲಾರಳು" ಎಂಬ ಧೈರ್ಯವಿತ್ತು. ಅವಳ ಬುದ್ಧಿಯ ಮಿತಿಯನ್ನು ನೀವಾಗಲಿ ನಾನಾಗಲಿ ಬದಲಿಸಲಾಗದು, ಉಳಿದವುಗಳೆಲ್ಲ ಬದಲಿಸಬಹುದಾದವು. ಅದರಲ್ಲೂ ಕೊನೆಯದು, ಅಂದರೆ ಅವಳು ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವವರು ನಿಮ್ಮೊಬ್ಬರನ್ನು ಬಿಟ್ಟರೆ ಬೇರೆ ಯಾರೂ ಇಲ್ಲದಿರುವುದು, ಎಲ್ಲಕ್ಕಿಂತ ದೊಡ್ಡ ಅಪಾಯವೆಂದು ನನಗೆ ಅನಿಸುತ್ತದೆ.

ನಿಮ್ಮ ಜಿಲ್ಲೆಯವರಿಗೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ ಸುಮಾರು ಎರಡು ದಶಕಗಳ ಕಾಲ ಗುಡ್ಡದ ಮೇಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದಾಗ, ಅದೇ ಗುಡ್ಡಗಳ ಬುಡದಲ್ಲಿ ಜನ ತೋಡಿನ, ಅಂದರೆ ಸಣ್ಣ ಹಳ್ಳದ, ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದರು, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ಕುಡಿಯುತ್ತಿದ್ದರು. ಬಾವಿಯನ್ನಾದರೆ ಮುಚ್ಚಬಹುದು, ಹರಿಯುವ ತೋಡನ್ನು ಮುಚ್ಚುವವರು ಯಾರು? ಆ ಜನರು ಘಾಸಿಗೊಂಡದ್ದು ಅವರ ಮೈ ದುರ್ಬಲವಾಗಿತ್ತು ಎಂಬ ಕಾರಣಕ್ಕಲ್ಲ. ಅವರ ಮನೆಗಳು ತಪ್ಪಲಿನಲ್ಲಿದ್ದವು, ನೀರು ತೆರೆದಿತ್ತು, "ನಮ್ಮ ಮಕ್ಕಳಿಗೆ ಏನೋ ಆಗುತ್ತಿದೆ" ಎಂದು ಅವರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುವವರು ಬಹುಕಾಲ ಇರಲಿಲ್ಲ. ಒಂದೆರಡು ಊರುಗಳ ವೈದ್ಯರು, ಪತ್ರಕರ್ತರು, ತಾಯಂದಿರು ಸೇರಿ ಆ ಮಾತನ್ನು ಗಟ್ಟಿಯಾಗಿ ಹೇಳಿದ ಮೇಲೆ ಸಿಂಪರಣೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಆ ವಿಷವನ್ನು ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಆದೇಶಿಸಿತು. ನಿಮ್ಮ ಮಗಳ ಸ್ಥಿತಿಗೆ ಕಾರಣವೇನೆಂದು ನೀವು ಬರೆದಿಲ್ಲ, ನಾನು ಊಹಿಸುವುದೂ ಇಲ್ಲ. ಅಲ್ಲಿ ಹಾನಿಯನ್ನು ಇಪ್ಪತ್ತು ವರ್ಷ ಎಳೆದದ್ದು ಕೇಳುವವರಿಲ್ಲದ ಆ ಮೌನ ಎಂಬುದಕ್ಕಾಗಿ ಮಾತ್ರ ಇದನ್ನು ಹೇಳಿದೆ.

ಹಾಗಾಗಿ ನನ್ನ ಉತ್ತರ: ಕಳುಹಿಸಿ. ಆದರೆ ನಾಳೆಯೇ ವ್ಯಾನು ಹತ್ತಿಸಿ ಕೈ ಬೀಸಬೇಡಿ.

ಬದಿಯಡ್ಕ ಸಮೀಪದ ಏತಡ್ಕದಲ್ಲಿ ಬೇಸಗೆಗೆ ಮುಂಚೆ ತೋಡಿಗೆ ಸಾಲಾಗಿ ಕಟ್ಟ, ಅಂದರೆ ನೀರು ನಿಲ್ಲಿಸುವ ಒಡ್ಡು, ಹಾಕುವುದನ್ನು ನೀವು ಕಂಡಿರುತ್ತೀರಿ. ಒಂದೇ ಕಟ್ಟ ಹಾಕಿ ಇಡೀ ತೋಡಿನ ನೀರನ್ನು ಅದರ ಮೇಲೆ ಹೊರಿಸಿದರೆ ಅದು ಎಷ್ಟು ದಿನ ತಾಳುತ್ತದೆ ಎಂಬುದು ತೋಟದ ಕೆಲಸ ಗೊತ್ತಿದ್ದವರಿಗೆಲ್ಲ ಗೊತ್ತು. ಕೆಳಗಿನ ಕಟ್ಟದ ನೀರು ಮೇಲಿನ ಕಟ್ಟದ ಬುಡಕ್ಕೆ ತಾಗಿ ನಿಂತಾಗ ಒಂದರ ಭಾರವನ್ನು ಇನ್ನೊಂದು ಹಂಚಿಕೊಳ್ಳುತ್ತದೆ. ಆರು ವರ್ಷಗಳಿಂದ ನಿಮ್ಮ ಮಗಳ ಬದುಕಿಗೆ ನೀವು ಒಂಟಿ ಕಟ್ಟವಾಗಿ ನಿಂತಿದ್ದೀರಿ. ಕೇಂದ್ರಕ್ಕೆ ಕಳುಹಿಸುವುದೆಂದರೆ ಅವಳನ್ನು ಹೊಳೆಗೆ ಬಿಡುವುದಲ್ಲ, ಕೆಳಗೆ ಇನ್ನೊಂದು ಕಟ್ಟ ಹಾಕುವುದು.

ಮೊದಲ ವಾರವೋ ಹತ್ತು ದಿನವೋ ನೀವೂ ಜೊತೆಗೆ ಹೋಗಿ ಕುಳಿತುಕೊಳ್ಳಿ. ಪಂಚಾಯತು ಮತ್ತು ಹೆಂಗಸರ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀ ಸೇರಿ ನಡೆಸುವ ಈ ಕೇಂದ್ರಗಳಲ್ಲಿ ತಾಯಂದಿರು ಬಂದು ನೋಡುವುದು ಹೊಸತೇನಲ್ಲ, ಸಂಕೋಚ ಬೇಡ. ವ್ಯಾನಿನಲ್ಲಿ ಚಾಲಕನಲ್ಲದೆ ಆಯಾ ಒಬ್ಬರು ಕೊನೆಯ ಮಗು ಇಳಿಯುವವರೆಗೂ ಇರುತ್ತಾರೆಯೇ, ಶೌಚಕ್ಕೆ ಕರೆದೊಯ್ಯುವವರು ಯಾರು, ಬಾಗಿಲು ಹಾಕಿದ ಕೋಣೆಯಲ್ಲಿ ಮಗುವಿನೊಡನೆ ಒಬ್ಬರೇ ಇರುವ ಸಂದರ್ಭ ಬರುತ್ತದೆಯೇ, ಕನ್ನಡವೋ ತುಳುವೋ ಬಲ್ಲವರು ಯಾರಿದ್ದಾರೆ ಎಂದು ನೇರವಾಗಿ ಕೇಳಿ. ಒಳ್ಳೆಯ ಕೇಂದ್ರದವರು ಇಂತಹ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೆ ಅದೂ ನಿಮಗೆ ಒಂದು ಉತ್ತರವೇ. ಫಿಟ್ಸಿನ ಮಾತ್ರೆಯ ಹೆಸರು ಮತ್ತು ಹೊತ್ತನ್ನು ಬರೆದುಕೊಡಿ. ಫಿಟ್ಸ್ ಬಂದಾಗ ಬಾಯಿಗೆ ಏನನ್ನೂ ತುರುಕಬಾರದು, ಮಗ್ಗುಲಾಗಿ ಮಲಗಿಸಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ಅವರಿಗೂ ನೆರೆಮನೆಯವರಿಗೂ ಹೇಳಿ. ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ, ಅದರಿಂದ ಏನೂ ಪ್ರಯೋಜನವಿಲ್ಲ.

ಮಲಯಾಳದ ಬಗ್ಗೆ ನಿಮ್ಮ ಅಂಜಿಕೆಯನ್ನು ನಾನು ಸಣ್ಣದೆಂದು ಭಾವಿಸುವುದಿಲ್ಲ. ತನಗೆ ನೋವಾಗಿದೆ ಎಂದು ಹೇಳುವ ಭಾಷೆ ಎದುರಿಗಿದ್ದವರಿಗೆ ತಿಳಿಯದಿದ್ದರೆ ಯಾರಾದರೂ ನಿಸ್ಸಹಾಯಕರೇ; 1956ರಲ್ಲಿ ಊರು ಕೇರಳಕ್ಕೆ ಸೇರಿದಂದಿನಿಂದ ಕಾಸರಗೋಡಿನ ಕನ್ನಡಿಗರು ಕಚೇರಿಗಳ ಮುಂದೆ ಅರ್ಜಿ ಹಿಡಿದು ನಿಂತು ಇದನ್ನು ಅನುಭವಿಸಿದ್ದಾರೆ. ನಿಮ್ಮ ಮಗಳ ವಿಷಯದಲ್ಲಿ ಒಂದು ಅನುಕೂಲವಿದೆ. ಅವಳ ಮಾತು ಸ್ವಲ್ಪವೇ ಆದ್ದರಿಂದ ಅದನ್ನು ಒಂದು ನೋಟುಪುಸ್ತಕದಲ್ಲಿ ಹಿಡಿಸಬಹುದು. ಹಸಿವೆಗೆ ಅವಳು ಏನೆನ್ನುತ್ತಾಳೆ, ಮೂತ್ರಕ್ಕೆ ಹೋಗಬೇಕಾದರೆ ಏನು ಸನ್ನೆ ಮಾಡುತ್ತಾಳೆ, ಹೆದರಿದರೆ ಸೆರಗು ಹಿಡಿಯುತ್ತಾಳೋ ಮೂಲೆಗೆ ಹೋಗುತ್ತಾಳೋ, ನೋವನ್ನು ಹೇಗೆ ತೋರಿಸುತ್ತಾಳೆ ಎಂದು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಮಲಯಾಳದಲ್ಲಿ ಯಾರಿಂದಲಾದರೂ ಬರೆಸಿ, ಒಂದು ಪ್ರತಿಯನ್ನು ಶಿಕ್ಷಕಿಗೆ, ಒಂದನ್ನು ಆಶಾ ಕಾರ್ಯಕರ್ತೆಗೆ, ಒಂದನ್ನು ನೆರೆಮನೆಗೆ ಕೊಡಿ. ಮೈಯ ಭಾಗಗಳ ಹೆಸರುಗಳನ್ನೂ, ಯಾರಾದರೂ ಮುಟ್ಟಿದ್ದು ಹಿತವಾಗದಿದ್ದರೆ "ಬೇಡ" ಎಂದು ಗಟ್ಟಿಯಾಗಿ ಹೇಳುವುದನ್ನೂ ಸ್ನಾನ ಮಾಡಿಸುವಾಗ ದಿನವೂ ಕಲಿಸಿ. 23 ವಯಸ್ಸಿಗೆ ಅದು ತಡವಲ್ಲ. ಇಂತಹ ಹೆಣ್ಣುಮಕ್ಕಳಿಗೆ ಆಗುವ ಕೇಡು ಹೆಚ್ಚಾಗಿ ಗುರುತಿಲ್ಲದವರಿಂದ ಬರುವುದಿಲ್ಲ, ಮನೆಗೆ ಬಂದು ಹೋಗುವ ಪರಿಚಯಸ್ಥರಿಂದಲೇ ಬರುತ್ತದೆ ಎಂಬ ಕಹಿ ಸತ್ಯವನ್ನು ನಿಮಗೆ ಹೇಳದಿರುವುದು ತಪ್ಪಾಗುತ್ತದೆ. ಯಾರನ್ನೂ ಸಂಶಯಿಸಿ ಎಂದಲ್ಲ. ಬೀಗ ಹಾಕಿದ ಮನೆಯೇ ಸುರಕ್ಷಿತ, ಹೊರಗೆಲ್ಲ ಅಪಾಯ ಎಂಬ ಲೆಕ್ಕ ಸರಿಯಲ್ಲ ಎಂದು.

ಕಾನೂನು ಕೂಡ ಈಗ ಇದನ್ನು ಸ್ವಲ್ಪ ಮಟ್ಟಿಗೆ ಅರ್ಥ ಮಾಡಿಕೊಂಡಿದೆ. ಬುದ್ಧಿ ಅಥವಾ ಮೈಯ ಊನ ಇರುವ ಹೆಣ್ಣುಮಗಳು ಲೈಂಗಿಕ ಕಿರುಕುಳದ ದೂರು ಕೊಡಬೇಕಾದಾಗ ಅವಳನ್ನು ಠಾಣೆಗೆ ಎಳೆಯದೆ, ಅವಳಿರುವಲ್ಲಿಗೇ ಬಂದು, ಅವಳ ಮಾತು ಬಲ್ಲ ದುಭಾಷಿಯೋ ವಿಶೇಷ ಶಿಕ್ಷಕಿಯೋ ಎದುರಿಗಿದ್ದು ಹೇಳಿಕೆ ಬರೆದುಕೊಳ್ಳಬೇಕೆಂಬ ನಿಯಮ 2013ರಿಂದ ಇದೆ. ಆದರೆ ಅವಳ ಮಾತು ಬಲ್ಲ ಶಿಕ್ಷಕಿ ಅವಳಿಗೆ ಇರಬೇಕಲ್ಲ? ಬೀಗದೊಳಗೆ ಇದ್ದರೆ ಅಂಥವರು ಎಲ್ಲಿಂದ ಬರುತ್ತಾರೆ?

ಇನ್ನು ತೋಟದ ವಿಷಯ. ನಿಮ್ಮ ಮೈದುನನ ಮನಸ್ಸಿನಲ್ಲಿ ಕೆಟ್ಟದ್ದಿದೆಯೆಂದು ನಾನು ಹೇಳುವುದಿಲ್ಲ, ಅವರ ಮಗ ಒಳ್ಳೆಯವನೇ ಇರಬಹುದು. ಆದರೂ ಈಗ ತೋಟವನ್ನು ಯಾರ ಹೆಸರಿಗೂ ದಾನಪತ್ರ ಮಾಡಬೇಡಿ. ನೋಂದಣಿಯಾದ ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲಾಗುವುದಿಲ್ಲ. ಹಾಗೆ ಮಾಡಿದರೆ ಮಗಳ ಅನ್ನ, ಮದ್ದು, ಮಲಗುವ ಜಾಗ ಎಲ್ಲವೂ ಒಬ್ಬನ ಒಳ್ಳೆಯತನದ ಮೇಲೆ ನಿಲ್ಲುತ್ತದೆ, ಆ ಒಳ್ಳೆಯತನವನ್ನು ವಿಚಾರಿಸುವವರು ಯಾರೂ ಇರುವುದಿಲ್ಲ. ನಾಳೆ ಅವನಿಗೇ ಸಾಲವೋ ಕಾಯಿಲೆಯೋ ಬಂದರೂ ಅವಳು ಬೀದಿಗೆ ಬೀಳುತ್ತಾಳೆ.

ಬೇರೆ ದಾರಿ ಇದೆ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಗಳಿಗೆ 18 ತುಂಬಿದ ದಿನದಿಂದ ಕಾನೂನಿನ ಕಣ್ಣಿಗೆ ನೀವು ತಾನಾಗಿಯೇ ಅವಳ ಪೋಷಕರಲ್ಲ. ಇದು ಅನೇಕ ತಂದೆತಾಯಿಗಳಿಗೆ ಗೊತ್ತಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗೆ ಪೋಷಕರನ್ನು ನೇಮಿಸುವ ಸ್ಥಳೀಯ ಸಮಿತಿಯೊಂದು ಜಿಲ್ಲೆಯಲ್ಲಿರುತ್ತದೆ, ಜಿಲ್ಲಾಧಿಕಾರಿ ಅದರಲ್ಲಿರುತ್ತಾರೆ. ನೀವು ಅಲ್ಲಿ ಅರ್ಜಿ ಹಾಕಿ ಮೊದಲು ನಿಮ್ಮ ಹೆಸರಿಗೇ ಪೋಷಕತ್ವ ಮಾಡಿಸಿಕೊಳ್ಳಿ. ನಿಮ್ಮ ನಂತರ ಯಾರು ಎಂಬುದನ್ನು ಅವರಲ್ಲೇ ಚರ್ಚಿಸಿ. ಹೀಗೆ ನೇಮಕವಾದ ಪೋಷಕರು ಆರು ತಿಂಗಳೊಳಗೆ ಮಗಳ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು, ಅವಳನ್ನು ಕಡೆಗಣಿಸಿದರೆ ಸಂಬಂಧಿಕರೋ ನೋಂದಾಯಿತ ಸಂಸ್ಥೆಯೋ ದೂರು ಕೊಟ್ಟು ಅವರನ್ನು ತೆಗೆಸಬಹುದು. ನೋಡಿಕೊಳ್ಳುವವರನ್ನೂ ಯಾರೋ ನೋಡುತ್ತಿರುತ್ತಾರೆ ಎಂಬುದೇ ಇದರ ಬೆಲೆ. ತೋಟವನ್ನು ಉಯಿಲಿನ ಮೂಲಕ ಮಗಳಿಗಾಗಿ ಒಂದು ಟ್ರಸ್ಟಿಗೆ ಬಿಡುವುದು ಹೇಗೆಂದು ಕುಟುಂಬಕ್ಕೆ ಸಂಬಂಧವಿಲ್ಲದ ವಕೀಲರೊಬ್ಬರನ್ನು ಕೇಳಿ. ಮೈದುನನ ಮಗನಿಗೆ ನಿಜವಾದ ಪ್ರೀತಿಯಿದ್ದರೆ ಈ ವ್ಯವಸ್ಥೆಯೊಳಗೂ ಅವನಿಗೆ ಜಾಗವಿದೆ. "ಲೆಕ್ಕ ಕೊಡುವುದಾದರೆ ನನಗೆ ಬೇಡ" ಎಂದರೆ ಅದನ್ನು ನೀವು ಈಗಲೇ ತಿಳಿದುಕೊಂಡಂತಾಯಿತು. ಅರ್ಜಿಗಳನ್ನು ಕನ್ನಡದಲ್ಲೇ ಬರೆಯಿರಿ; ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರಿಗೆ ಕನ್ನಡದಲ್ಲಿ ಬರೆಯುವ ಮತ್ತು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ.

"ಏನಾದರೂ ಆದರೆ ಯಾರು ಹೊಣೆ?" ಎಂಬ ಪ್ರಶ್ನೆ ನಿಮ್ಮನ್ನು ರಾತ್ರಿ ಮಲಗಲು ಬಿಡುತ್ತಿಲ್ಲ ಎಂದು ಪತ್ರದಿಂದ ತಿಳಿಯುತ್ತದೆ. ಕೇಂದ್ರದಲ್ಲಿ ಅವಳು ಎಡವಿ ಬೀಳಬಹುದು, ಯಾರಾದರೂ ಅವಳನ್ನು ಅಣಕಿಸಬಹುದು, ಒಂದು ದಿನ ಅಳುತ್ತ ಬರಬಹುದು. ಏನೂ ಆಗುವುದಿಲ್ಲ ಎಂಬ ಭರವಸೆಯನ್ನು ನಾನು ಕೊಡಲಾರೆ, ಕೊಡುವವರನ್ನು ನಂಬಲೂಬೇಡಿ. ಆದರೆ ಚಪ್ಪಲಿ ಹಾಕಿಕೊಂಡು ಜಗಲಿಯಲ್ಲಿ ನಿಲ್ಲುವ ಹುಡುಗಿ ತನಗೇನು ಬೇಕೆಂದು ತಾನು ಬಲ್ಲ ಭಾಷೆಯಲ್ಲಿ ಹೇಳಿಯಾಗಿದೆ. ದಿನವೂ ವ್ಯಾನು ಅವಳನ್ನು ಬಿಟ್ಟು ಮುಂದೆ ಹೋಗುವುದೂ ಒಂದು ಗಾಯವೇ, ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಈ ವಾರ ಮಾಡಬೇಕಾದದ್ದು ಇಷ್ಟು. ಬೀಗಕ್ಕೆ ಇನ್ನೊಂದು ಕೈ ಮಾಡಿಸಿ, ನೀವು ನಂಬುವ ನೆರೆಮನೆಯ ಹೆಂಗಸಿನ ಬಳಿ ಇಡಿ. ಮುಂದೆ ಹೊರಗಿನಿಂದ ಬೀಗ ಹಾಕುವ ಸಂದರ್ಭವೇ ಬಾರದಂತೆ, ಸೊಸೈಟಿಗೆ ಹೋಗಿ ಬರುವ ಹೊತ್ತಿಗೆ ಮಗಳ ಜೊತೆ ಕುಳಿತುಕೊಳ್ಳಲು ಯಾರನ್ನಾದರೂ ಗೊತ್ತು ಮಾಡಿ. ಬಿದ್ದ ಮೇಲೆ ನಿಮ್ಮ ಸೊಂಟವನ್ನು ವೈದ್ಯರಿಗೆ ತೋರಿಸಿದಿರೋ ಇಲ್ಲವೋ ನೀವು ಬರೆದಿಲ್ಲ. ತೋರಿಸಿಲ್ಲವೆಂದೇ ನನ್ನ ಅನುಮಾನ. ಮಳೆಗಾಲ ಇನ್ನೂ ಮುಗಿದಿಲ್ಲ. ದನದ ಹಟ್ಟಿಗೆ ಹೋಗುವ ದಾರಿಯ ಉದ್ದಕ್ಕೂ ಅಡಿಕೆಯ ಸೋಗೆ ಹಾಸಿಸಿ, ಆಮೇಲೆ ಆಸ್ಪತ್ರೆಗೆ ಹೋಗಿ ಬನ್ನಿ.