ಮಡಿಕೇರಿಯ ಹಳೇ ಹೆಂಚಿನ ಸಾಲುಮನೆಗಳು: ಬೆಂಕಿಯ ಅಪಾಯ ಎಲ್ಲಿಂದ ನೋಡಬೇಕು?

ಇಳಿಜಾರು ಓಣಿಯಲ್ಲಿ ಗೋಡೆಗೆ ಗೋಡೆ ತಾಗಿದ ಹಳೇ ಹೆಂಚಿನ ಮನೆಗಳು ನಮ್ಮವು, ಬೆಂಕಿಯ ಅಪಾಯ ಎಲ್ಲಿಂದ ನೋಡಬೇಕು ಅಂತ ಕೇಳಿ ಬರೆದಿದ್ದೀರಿ. ಮೊದಲು ಅನುಮಾನ ಪಡಬೇಕಾದ್ದು ಅಟ್ಟವನ್ನು. ಇಂಥ ಮನೆಗಳಲ್ಲಿ ಎಷ್ಟೋ ಕಡೆ ನಡುಗೋಡೆ ಸೀಲಿಂಗ್‌ವರೆಗೆ ಮಾತ್ರ ಇರುತ್ತದೆ, ಅದರ ಮೇಲೆ ಹೆಂಚು ಹೊರುವ ಮರದ ಪಕ್ಕಾಸು, ರೀಪು ಎಲ್ಲಾ ಒಂದೇ ಸಮ ಸಾಗುತ್ತವೆ, ಬೆಂಕಿ ದಾಟೋದು ಅಲ್ಲೇ. ಟಾರ್ಚ್ ಹಿಡಿದು ಹತ್ತಿ ನೋಡಿ. ಪಕ್ಕದ ಮನೆಯ ಬೆಳಕು ಕಂಡರೆ ಆ ಸಂದಿಗೆ ಇಟ್ಟಿಗೆ ಕಟ್ಟಿಸಿ, ಪ್ಲೈವುಡ್ ಹೊಡೆದು ಸುಮ್ನಾಗಬೇಡಿ. ಹಳೇ ಗೋಡೆ ಆ ಭಾರ ತಡೆಯುತ್ತದಾ ಅಂತ ನೋಡದೆ ಹೇಳೋದು ಕಷ್ಟ, ಮಣ್ಣಿನದಾದರೆ ಮೊದಲು ಮೇಸ್ತ್ರಿಗೆ ತೋರಿಸಿ.

ಆಮೇಲೆ ವೈರಿಂಗ್. ಮರದ ಪಟ್ಟಿ ಮೇಲೆ ಎಳೆದ ಹಳೇ ವೈರು, ಇಲಿ ಕಡಿದ ಜಾಗ, ಪದೇ ಪದೇ ಹೋಗುತ್ತದೆ ಅಂತ ಫ್ಯೂಸಿಗೆ ದಪ್ಪ ತಂತಿ ಸುತ್ತಿದ್ದು, ಇವನ್ನೇ ಹುಡುಕಿ. ಗೀಸರ್‌ಗೆ ಬೇರೆ ಲೈನ್ ಎಳೆಸಿ, ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗೋ ಸ್ವಿಚ್) ಜೊತೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಹಾಕಿಸಿ, ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿ.

ಮಳೆಗಾಲದಲ್ಲಿ ನಮ್ಮ ಕಡೆ ಹಂಡೆ ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸೋದು, ಪಕ್ಕದಲ್ಲೇ ಸೌದೆ ಒಟ್ಟೋದು ಜಾಸ್ತಿ ಅಲ್ವಾ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಯಾರಿಗೂ ಹೇಳಿದರೆ ಹಿಡಿಸಲ್ಲ, ಆದರೂ ಹೇಳಿ.

ಕೊನೆಗೆ ದಾರಿ. ಅಗ್ನಿಶಾಮಕ ಠಾಣೆಗೆ ಹೋಗಿ, ಗಾಡಿ ನಿಮ್ಮ ಇಳಿಜಾರು ಓಣಿಗೆ ಬರುತ್ತದಾ ಒಮ್ಮೆ ಬಂದು ನೋಡಿ ಅಂತ ಕೇಳಿ. ಬರಲ್ಲ ಅಂದ್ರೆ ಮೂರ್ನಾಲ್ಕು ಮನೆಗೆ ಒಂದರಂತೆ ಬೆಂಕಿ ಆರಿಸೋ ಎಬಿಸಿ ಪೌಡರ್ ಸಿಲಿಂಡರ್ ಇಡಿ. ಮೇನ್ ಸ್ವಿಚ್ ಎಲ್ಲಿದೆ ಅಂತ ಅಕ್ಕಪಕ್ಕದವರಿಗೂ ಗೊತ್ತಿರಲಿ, ಅದು ಆಫ್ ಆಗೋ ಮೊದಲು ಯಾರೂ ನೀರು ಎರಚಬಾರದು. ಫೋನ್ 101 ಅಥವಾ 112.